ಇರ್ಮಾಳ ಹಿಮದ ಗಾಡಿ

ಎಲ್ಡನ್ ಕೊಸ್ಕಿಯ ಷೆಡ್ಡಿನಲ್ಲಿ ಯಾವಾಗ ನೋಡಿದರೂ ಐದಾರು ಟ್ರಾಕ್ಟರುಗಳು ಬಿಚ್ಚಿಕೊಂಡು ಕೂತಿರುತ್ತಿದ್ದವು. ಹೊಲ ಉಳುವ ದೊಡ್ಡವಲ್ಲ. ಹಿತ್ತಲಿನ ಹುಲ್ಲು ಕತ್ತರಿಸಲು ಒಬ್ಬರೇ ಕೂತು ಓಡಿಸುವ ಪುಟ್ಟ ಗಾಡಿಗಳು, ಐವತ್ತು ಅರವತ್ತು ವರ್ಷ ಹಳೆಯವು. ಸುಪೀರಿಯರ್ ಸರೋವರದ ದಂಡೆಯ ನಮ್ಮೂರಲ್ಲಿ ಹುಲ್ಲು ಬೆಳೆಯುವುದು ನಾಲ್ಕು ತಿಂಗಳು, ಹಿಮ ಬೀಳುವುದು ಆರು ತಿಂಗಳು. ಅಕ್ಟೋಬರ್ ಬಂತೆಂದರೆ ಎಲ್ಡನ್ ಅವುಗಳ ಹೊಟ್ಟೆಯಡಿಯ ಬ್ಲೇಡು ಕಳಚಿ, ಮೂತಿಗೆ ಹಿಮ ತೂರುವ ಯಂತ್ರ ಕಟ್ಟಿ, ಹಿಂದಿನ ಚಕ್ರಗಳಿಗೆ ಸರಪಳಿ ಸುತ್ತಿ, ಚಕ್ರ ಜಾರದಂತೆ ಬೆನ್ನಿಗೆ ಮರಳಿನ ಪೆಟ್ಟಿಗೆ ಹೇರಿ ಕೊಡುತ್ತಿದ್ದ. ದುಡಿಯುತ್ತಿದ್ದ ಗಣಿ ಮುಚ್ಚಿದ ಮೇಲೆ ಅದೇ ಅವನ ಕಸುಬು. ಪಕ್ಕದ ಮನೆಯವನಾದ ನನಗೆ ಆ ಇಂಜಿನ್‌ಗಳ ಕೆಮ್ಮು ಕೇಳದೆ ಬೆಳಗಾಗುತ್ತಿರಲಿಲ್ಲ.

ಅವನ ಮನೆಯ ಸ್ವಂತ ಗಾಡಿಯನ್ನು ಮಾತ್ರ ಅವನು ಓಡಿಸುವಂತಿರಲಿಲ್ಲ. ಅದು ಹೆಂಡತಿ ಇರ್ಮಾಳದು. ನಲವತ್ತು ಚಳಿಗಾಲ ಮನೆಯಿಂದ ರಸ್ತೆಯವರೆಗಿನ ಅವರ ದಾರಿಯ ಹಿಮ ತೆರವು ಮಾಡಿದ್ದು ಅವಳೇ. "ಅವನು ರಿಪೇರಿ ಮಾಡ್ಲಿ. ಓಡಿಸಿದ್ರೆ ಸಾಲೆಲ್ಲಾ ಹಾವು ಹರಿದ ಹಾಗಿರುತ್ತೆ," ಎನ್ನುತ್ತಿದ್ದಳು.

ಆ ವರ್ಷ ಆಗಸ್ಟ್‌ನಲ್ಲಿ ಕಾಡಿನಲ್ಲಿ ನೇರಳೆ ಬೆರ್ರಿ ಕೀಳುತ್ತಿದ್ದಾಗ ಇರ್ಮಾಳಿಗೆ ಲಕ್ವ ಹೊಡೆಯಿತು. ನವೆಂಬರ್ ಹೊತ್ತಿಗೆ ಕೋಲೂರಿ ನಡೆಯುವಂತಾದಳು. ಆದರೆ ಎಡಗಾಲಿಗೆ ಬಲವಿರಲಿಲ್ಲ, ಎಡಗೈ ಬೆರಳು ಮಡಚುತ್ತಿರಲಿಲ್ಲ. ಮೊದಲ ದೊಡ್ಡ ಹಿಮ ಬಿದ್ದ ದಿನ ಎಲ್ಡನ್ ನನ್ನ ಅಡುಗೆಮನೆಗೆ ಬಂದು, ಟೋಪಿ ಕೂಡ ತೆಗೆಯದೆ ಕೂತ.

"ನಾರ್ಬ್, ನಾನು ದಾರಿ ತೆರವು ಮಾಡ್ತಿದ್ರೆ ಅವಳು ಕಿಟಕಿ ಹತ್ರ ಕೂತು ಸುಮ್ನೆ ನೋಡ್ತಾಳೆ ಕಣೋ. ಬೈಯೋದೇ ಬಿಟ್ಬಿಟ್ಟಿದ್ದಾಳೆ. ನಂಗೆ ಭಯ ಆಗ್ತಿದೆ."

"ಅದಕ್ಕೆ ಏನ್ಮಾಡ್ತೀಯ?"

"ಗಾಡೀನೇ ಅವಳಿಗೆ ಒಗ್ಗಿಸ್ತೀನಿ."

"ತಲೆ ಕೆಟ್ಟಿದೆಯಾ? ಬಿದ್ದುಗಿದ್ದು ಸೊಂಟ ಮುರ್ಕೊಂಡ್ರೆ? ಕೂತಿರ್ಲಿ ಬಿಡು, ಪಾಪ," ಎಂದೆ. ಅವನು ಕಾಫಿಯನ್ನೂ ಕುಡಿಯದೆ ಎದ್ದು ಹೋದ.

ಎಡಗಾಲಿನ ಪೆಡಲ್ಲಿಗೆ ಒಂದು ಸರಳು ಬೆಸೆದು ಬಲಗಾಲಿಗೆ ತಂದ. ಹಿಮ ಯಾವ ಕಡೆ ಹಾರಬೇಕೆಂದು ಕೊಳವೆಯನ್ನು ತಿರುಗಿಸುವ ಹಿಡಿಕೆ ಎಡಕ್ಕಿತ್ತು. ಅದನ್ನೂ ಬಲಕ್ಕೆ ತಂದ. ಒಂದು ಶನಿವಾರ ಇರ್ಮಾಳನ್ನು ಹತ್ತಿಸಿ ಕೂರಿಸಿದ. ಹತ್ತು ಗಜ ಚೆನ್ನಾಗಿಯೇ ಹೋದಳು. ಕೊಳವೆ ತಿರುಗಿಸಲು ಸ್ಟೀರಿಂಗ್ ಬಿಟ್ಟಳೋ ಇಲ್ಲವೋ, ಚಕ್ರ ಮಂಜುಗಡ್ಡೆಗೆ ಏರಿ ಗಾಡಿ ನನ್ನ ಮನೆಯತ್ತ ತಿರುಗಿತು. ರಸ್ತೆಬದಿಯ ಕಂಬದ ಮೇಲಿದ್ದ ನನ್ನ ಅಂಚೆಪೆಟ್ಟಿಗೆ ನೆಲಕ್ಕೆ ಮಲಗಿತು. ಕಾಫಿ ಬಗ್ಗಿಸಿಕೊಳ್ಳುತ್ತಾ ನೋಡುತ್ತಿದ್ದ ನನ್ನೆದುರೇ ಅಡುಗೆಮನೆಯ ಕಿಟಕಿಗೆ ಹಿಮ ರಪರಪ ಬಡಿದು ಒಳಗೆಲ್ಲ ಕತ್ತಲಾಯಿತು.

ಬೈಯಲೆಂದೇ ಹೊರಗೆ ಓಡಿದೆ. ಎಲ್ಡನ್ ಬಿಳಿಚಿಕೊಂಡು ನಿಂತಿದ್ದ. ಇರ್ಮಾ ಮಾತ್ರ ಸೊಟ್ಟಗಾದ ಬಾಯಲ್ಲೇ ಬಿದ್ದು ಬಿದ್ದು ನಗುತ್ತಿದ್ದಳು. ನಗು ಮುಗಿದದ್ದೇ ಗಂಡನ ಕಡೆ ತಿರುಗಿದಳು.

"ಅಲ್ಲಯ್ಯಾ, ಇರೋ ಒಂದು ಕೈಗೆ ಎರಡು ಕೆಲ್ಸ ಹಚ್ಚಿದ್ದೀಯಲ್ಲ, ಬುದ್ಧಿ ಇದೆಯಾ? ಕಾರಿನ ಗಾಜು ಏರಿಸೋಕೆ ಈಗ ಯಾರಾದ್ರೂ ಹಿಡಿಕೆ ತಿರುಗಿಸ್ತಾರಾ? ಕೊಳವೆಗೂ ಅಂಥದೇ ಒಂದು ಮೋಟರ್ ಹಾಕು. ಸ್ವಿಚ್ಚನ್ನ ಮೊಣಕಾಲಲ್ಲಿ ಒತ್ಕೋತೀನಿ."

"ಮೋಟರ್ ಎಲ್ಲಿಂದ ತರ್ಲಿ?"

"ಷೆಡ್ಡಿನ ಹಿಂದೆ ನಿಮ್ಮಪ್ಪನ ಕಾರಿಲ್ವಾ?"

"ಅದನ್ನ ಒಂದಿನ ರೆಡಿ ಮಾಡ್ಬೇಕು ಅಂತ ಇಟ್ಕೊಂಡಿದ್ದೀನಿ ಕಣೇ!"

"ಹದಿನೆಂಟು ವರ್ಷದಿಂದ ಇಟ್ಕೊಂಡಿದ್ದೀಯ. ಅದ್ರಲ್ಲಿರೋ ಅಳಿಲು ಮರಿಮಕ್ಕಳನ್ನ ಕಂಡಾಯ್ತು."

ಎಲ್ಡನ್ ನನ್ನತ್ತ ನೋಡಿದ. ಬೈಸಿಕೊಂಡವನ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಅಪ್ಪನ ಕಾರಿನ ಬಾಗಿಲು ಬಿಚ್ಚಿ ಮೋಟರ್ ತೆಗೆದ. ಅದಕ್ಕೂ ಕೊಳವೆಗೂ ನಡುವೆ ಹಲ್ಲುಚಕ್ರ ಕೂರಿಸಲು ಎರಡು ವಾರ ಹಿಡಿಯಿತು. ಕೊನೆಗೆ ಚಳಿಗೆ ಗ್ರೀಸ್ ಗಟ್ಟಿಯಾಗಿ ಅದು ತಿರುಗಲೇ ಇಲ್ಲ. ಇರ್ಮಾ ಕೋಲೂರಿ ಷೆಡ್ಡಿಗೆ ಬಂದು, ಗ್ರೀಸನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆಸಿ, ತನ್ನ ಹೊಲಿಗೆ ಯಂತ್ರದ ಎಣ್ಣೆ ಹಾಕಿಸಿದಳು. ಮೋಟರ್ ಗುಯ್ ಎಂದು ತಿರುಗಿತು. ಅಲ್ಲಿಂದ ದಿನಾ ಅಂಗಳದಲ್ಲಿ ಅಭ್ಯಾಸ. ನಾನು ಕಿಟಕಿಯಿಂದ ದೂರ ಕೂತು ಕಾಫಿ ಕುಡಿಯತೊಡಗಿದೆ.

ಜನವರಿಯಲ್ಲಿ ಮೂರು ದಿನ ಬಿಡದೆ ಹಿಮ ಸುರಿಯಿತು. ನಾಲ್ಕನೆಯ ಬೆಳಿಗ್ಗೆ ನನ್ನ ಮನೆ ಕಾಯಿಸುವ ಎಣ್ಣೆಯ ಟ್ಯಾಂಕಿನ ಮುಳ್ಳು ತಳ ಮುಟ್ಟಿತ್ತು. ಹನ್ನೊಂದಕ್ಕೆ ಬರುವೆ, ದಾರಿ ತೆರವಾಗಿರದಿದ್ದರೆ ಮುಂದಿನ ಊರಿಗೆ ಹೋಗುವೆ, ಮತ್ತೆ ಬರುವುದು ನಾಲ್ಕು ದಿನಕ್ಕೆ ಎಂದು ಎಣ್ಣೆ ಲಾರಿಯವನು ಫೋನಿನಲ್ಲಿ ಹೇಳಿದ. ರಸ್ತೆ ತೆರವು ಮಾಡಿದ ಯಂತ್ರ ನನ್ನ ದಾರಿಯ ಬಾಯಿಗೆ ಸೊಂಟದೆತ್ತರದ ಹಿಮದ ಗೋಡೆ ಕಟ್ಟಿ ಹೋಗಿತ್ತು. ಎಲ್ಡನ್ ಹಿಂದಿನ ದಿನವಷ್ಟೇ ಸರಪಳಿ ಎತ್ತಲು ಹೋಗಿ ಬೆನ್ನು ಹಿಡಿಸಿಕೊಂಡು ಮಲಗಿದ್ದ. ನನಗೆ ಎಪ್ಪತ್ತನಾಲ್ಕು, ಹತ್ತು ಸಲ ಸಲಿಕೆ ಎತ್ತಿ ಹಿಮದ ಮೇಲೇ ಕೂತೆ.

ಆಗ ಇಂಜಿನ್ನಿನ ಸದ್ದು ಕೇಳಿತು. ಗಂಡನ ಕೆಂಪು ಚೌಕುಳಿ ಕೋಟು ತೊಟ್ಟು ಇರ್ಮಾ ಬರುತ್ತಿದ್ದಳು.

"ಏಳೋ ಮುದುಕಾ, ಪಕ್ಕಕ್ಕೆ ಬಾ! ನಿನ್ನೂ ಎತ್ತಿ ಎಸೆದುಬಿಟ್ಟೇನು!"

ಗೋಡೆಯನ್ನು ಒಂದೊಂದೇ ಅಡಿ ಕಚ್ಚಿದಳು. ಹಿಮ ಬಿಲ್ಲಿನಂತೆ ಬಾಗಿ ಸರಿಯಾಗಿ ಹಳ್ಳಕ್ಕೆ ಬೀಳುತ್ತಿತ್ತು. ಅರ್ಧ ಮುಗಿದಾಗ ಕಟ್ ಎಂದು ಸದ್ದಾಗಿ ಯಂತ್ರದ ಮೂತಿಯಲ್ಲಿ ಹಿಮ ಕೊರೆಯುವ ಸುರುಳಿ ನಿಂತಿತು. ಮಂಜುಗಡ್ಡೆ ಸಿಕ್ಕಿ, ಸುರುಳಿಯನ್ನು ಹಿಡಿದಿಡುವ ಪಿನ್ನು ಮುರಿದಿತ್ತು. ಅವಳು ಇಂಜಿನ್ ಆರಿಸಿ, ಮೆಲ್ಲಗೆ ಕೆಳಗಿಳಿದು, ಜೇಬಿನಿಂದ ಹೊಸ ಪಿನ್ನನ್ನೂ ಸುತ್ತಿಗೆಯನ್ನೂ ತೆಗೆದಳು.

"ನೀನು ಹಿಡ್ಕೋ, ನಾನು ಹೊಡೀತೀನಿ. ಬೆರಳು ಹುಷಾರು. ಇನ್ನೊಬ್ಬ ಒಂಟಿಗೈಯವನಿಗೆ ಗಾಡಿ ಮಾಡೋಷ್ಟು ಪುರುಸೊತ್ತು ಎಲ್ಡನ್‌ಗಿಲ್ಲ."

ಎರಡೇ ಏಟಿಗೆ ಪಿನ್ನು ಕೂತಿತು. ಹನ್ನೊಂದಕ್ಕೆ ಲಾರಿ ಬಂದಾಗ ದಾರಿ ಅಗಲವಾಗಿ, ನೇರವಾಗಿ ತೆರೆದಿತ್ತು. ಪಕ್ಕದ ಮನೆಯ ಕಿಟಕಿಯಲ್ಲಿ ಬೆನ್ನು ಹಿಡಿದುಕೊಂಡು ನಿಂತ ಎಲ್ಡನ್ ಏನೋ ಕೂಗುತ್ತಿದ್ದ. ನಮಗೆ ಕೇಳಿಸಲಿಲ್ಲ.

"ನಿನ್ನ ಕೂತಿರೋಕೆ ಬಿಡು ಅಂತ ಅವನಿಗೆ ಹೇಳಿದ್ದೆ, ಇರ್ಮಾ. ತಪ್ಪಾಯ್ತು," ಎಂದೆ.

"ಗೊತ್ತು, ಅವತ್ತೇ ಹೇಳ್ದ. ಅದಕ್ಕೇ ಅಂಚೆಪೆಟ್ಟಿಗೆ ಬೀಳಿಸಿದ್ದು ಅಂದ್ಕೋ," ಎಂದು ಕಣ್ಣು ಹೊಡೆದು, ಗಾಡಿ ತಿರುಗಿಸಿಕೊಂಡು ಹೋದಳು.

ಮರುವರ್ಷ ದೂರದೂರದಿಂದ ಜನ ಬಂದರು: ಮರ ಕೊಯ್ಯುವ ಗಿರಣಿಯಲ್ಲಿ ಕೈ ಕಳೆದುಕೊಂಡ ಒಬ್ಬ, ಮಂಡಿ ಮಡಚಲಾರದ ಟೀಚರಮ್ಮ ಒಬ್ಬಳು. ಈಗ ಎಲ್ಡನ್ ಅವರವರ ಅಳತೆ ತೆಗೆದುಕೊಂಡು ಗಾಡಿಗಳನ್ನು ಒಗ್ಗಿಸುತ್ತಾನೆ. ಕೊಡುವ ಮುನ್ನ ಇರ್ಮಾ ಒಂದು ಸುತ್ತು ಓಡಿಸಿ ಬಂದು, ಏಲಕ್ಕಿ ಬ್ರೆಡ್ಡು ಕೊಯ್ಯುತ್ತಾ ತಪ್ಪುಗಳನ್ನು ಹೇಳುತ್ತಾಳೆ. ಅವನು ಎದುರು ಕೂತು ಒಂದೊಂದನ್ನೂ ಬರೆದುಕೊಳ್ಳುತ್ತಾನೆ.