ಬಿಶಾರಾ ಎಫೆಂದಿ ಚೆಂದ ಮಾಡಿ ಬರೆದ ಭಾಷಣ

ಸೆನೆಟ್‌ನಲ್ಲಿ ಯಾರು ಹೇಗೇ ಮಾತಾಡಲಿ, ಅದು ನಡಾವಳಿ ಪುಸ್ತಕಕ್ಕೆ ಬರುವ ಹೊತ್ತಿಗೆ ತಲೆ ಬಾಚಿಕೊಂಡು ಇಸ್ತ್ರಿ ಅಂಗಿ ತೊಟ್ಟಿರುತ್ತಿತ್ತು. ಆ ಬಾಚುವ ಕೆಲಸ ನಮ್ಮದು. ನಾವು ಎಂಟು ಜನ ಶೀಘ್ರಲಿಪಿಗಾರರು, ಜನರ ಬಾಯಲ್ಲಿ ಎಫೆಂದಿಗಳು. ಹತ್ತು ನಿಮಿಷಕ್ಕೊಬ್ಬರಂತೆ ಸಭೆಯ ನಡುವಿನ ಮೇಜಿಗೆ ಹೋಗಿ ಗೀಚಿಕೊಳ್ಳುವುದು, ಮುಂದಿನವನು ಬಂದು ಕೂತಕೂಡಲೇ ಎದ್ದು ಒಳಕೋಣೆಗೆ ನಡೆಯುವುದು, ಗೀಚಿದ್ದನ್ನು ಗ್ರಂಥದ ಅರಬ್ಬಿಯಲ್ಲಿ ಚೆಂದ ಮಾಡಿ ಬರೆಯುವುದು. ಪಾಶಾ ಬಿರುದಿನ ಸದಸ್ಯರು ಬೀದಿಯವರ ಹಾಗೆ ಬೈದಾಡಿದರೂ ಪುಸ್ತಕದಲ್ಲಿ ಅದು ಅಭಿಪ್ರಾಯ ಭೇದವಾಗಿರುತ್ತಿತ್ತು. ಈ ವಿದ್ಯೆಯಲ್ಲಿ ನಮ್ಮ ಬಿಶಾರಾ ಎಫೆಂದಿಯನ್ನು ಮೀರಿಸುವವರು ಕೈರೋದಲ್ಲೇ ಇರಲಿಲ್ಲ.

ಅವನು ದಕ್ಷಿಣದ ಸಯೀದ್ ಸೀಮೆಯವನು. ಊರು ಕೋಮ್ ಸಬೀಲ್. ಹೆತ್ತವರು ಬೇಗ ಹೋದರು, ಅಕ್ಕ ದಿಮ್ಯಾನಾ ಸಾಕಿದಳು, ಓದಿಸಿದಳು. ಅವನು ಮದುವೆ ಮಾಡಿಕೊಳ್ಳಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ತಡವಾಗಿ ಬಂದವನಲ್ಲ, ಮೇಲಿನವರ ಮುಂದೆ ಒಂದು ಮಾತು ಹೆಚ್ಚಿಗೆ ಆಡಿದವನಲ್ಲ. ಬೆಕ್ಕು ಕೆಮ್ಮಿದರೂ ಎದ್ದು ನಿಲ್ಲುವ ಆಸಾಮಿ ಎಂದು ನಾನೇ ಎಷ್ಟೋ ಸಲ ರೇಗಿಸಿದ್ದೆ. ನೌಕರರು ಸದಸ್ಯರ ಹತ್ತಿರ ಸ್ವಂತ ವಿಷಯ ಮಾತಾಡಕೂಡದು ಎಂಬ ನಿಯಮದ ಹಲಗೆ ನಮ್ಮ ಕೋಣೆಯ ಗೋಡೆಯಲ್ಲಿತ್ತು. ನಾವೆಲ್ಲ ಅದರ ಕೆಳಗೆ ಕೂತು ಕಡಲೆ ತಿನ್ನುತ್ತಿದ್ದೆವು. ಅವನೊಬ್ಬ ಅದನ್ನು ಓದುತ್ತಿದ್ದ.

ಎರಡನೇ ಮಹಾಯುದ್ಧದ ಕೊನೆಕೊನೆಯ ವರ್ಷ ದಕ್ಷಿಣಕ್ಕೆ ಮಲೇರಿಯಾ ಬಂತು. ಬಿಶಾರಾನ ಭಾವ, ದಿಮ್ಯಾನಾಳ ಗಂಡ ಬೊಕ್ತೊರ್ ಕಾಗದ ಬರೆಸಿದ್ದ. ಹದಿನೇಳು ದಿನಕ್ಕೆ ಮೂವತ್ತೊಂದು ಹೆಣ, ಹೊಲದಲ್ಲಿ ಗೋಧಿ ಹಾಗೇ ನಿಂತಿದೆ, ಕೊಯ್ಯುವವರಿಲ್ಲ, ದಿಮ್ಯಾನಾಗೂ ನಿನ್ನೆಯಿಂದ ಚಳಿಜ್ವರ, ನೀನು ದೊಡ್ಡವರ ನಡುವೆ ಇದ್ದೀಯ, ಏನಾದರೂ ಮಾಡು. ಬಿಶಾರಾ ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಎರಡು ದಿನ ಓಡಾಡಿದ. ಮೂರನೆಯ ದಿನ ವರಾಂಡದಲ್ಲಿ ಸೆನೆಟರ್ ದಂದರಾವಿ ಬೇಯನ್ನು ತಡೆದು ನಿಲ್ಲಿಸಿ ಕಾಗದದಲ್ಲಿದ್ದುದನ್ನೆಲ್ಲ ಹೇಳಿದ. ಹುಟ್ಟಿದಾಗಿನಿಂದ ಅವನು ಮಾಡಿದ ಒಂದೇ ಧೈರ್ಯದ ಕೆಲಸ ಅದು.

ದಂದರಾವಿ ಆ ಸೀಮೆಯ ಸದಸ್ಯ, ಬೇ ಎಂಬುದು ಅವನ ಬಿರುದು. ಬಡವರ ಪರವಾಗಿ ಸಭೆಯಲ್ಲಿ ಬಾಯಿ ಬಿಡುತ್ತಿದ್ದ ಮೂರು ನಾಲ್ಕು ಜನರಲ್ಲಿ ಒಬ್ಬ. ಬರಿಗಾಲಿನವರಿಗೆ ಚಪ್ಪಲಿ, ಹಳ್ಳಿಗೆ ಕುಡಿಯುವ ನೀರು, ಬಾಣಂತಿಯರಿಗೆ ಆಸ್ಪತ್ರೆ, ಎಲ್ಲದಕ್ಕೂ ಎದ್ದು ನಿಂತು ಮಾತಾಡಿದ್ದ. ಎಲ್ಲವೂ ಸಮಿತಿಗೆ ಹೋಗಿದ್ದವು. ಸಮಿತಿಗೆ ಹೋದದ್ದು ಹಾಳು ಬಾವಿಗೆ ಬಿದ್ದ ಹಾಗೆ. ಮನುಷ್ಯ ಒಳ್ಳೆಯವನು, ಸುಳ್ಳು ಹೇಳಬಾರದು. ತನ್ನ ದನಿಯ ಮೇಲೆ ಮಾತ್ರ ಪ್ರೀತಿ ಸ್ವಲ್ಪ ಜಾಸ್ತಿ.

ಮಾರನೆಯ ದಿನ ಬೇ ಎದ್ದು ನಿಂತ. ಮೇಜಿನಲ್ಲಿ ಆಗ ಬಿಶಾರಾನ ಸರದಿ, ಮುಂದಿನದು ನನ್ನದೆಂದು ನಾನು ಬಾಗಿಲಲ್ಲೇ ನಿಂತಿದ್ದೆ. ಬೇ ಗ್ರಂಥದ ಭಾಷೆಯಲ್ಲಿ ಶುರು ಮಾಡಿದವನು ನಾಲ್ಕನೇ ಮಾತಿಗೆ ಸಿಟ್ಟೇರಿ ಊರ ಮಾತಿಗೆ ಇಳಿದುಬಿಟ್ಟ.

"ಪಾಶಾಗಳೇ, ನಿಮ್ಮ ಹೊಟ್ಟೆ ತುಂಬಿದೆ ಅಂತ ನಾನು ಸುಮ್ನೆ ಕೂರೋದಿಲ್ಲ. ಕೋಮ್ ಸಬೀಲ್ ಅಂತ ಒಂದೂರು. ಹದಿನೇಳು ದಿನಕ್ಕೆ ಮೂವತ್ತೊಂದು ಹೆಣ. ಗುಂಡಿ ತೋಡೋಕೂ ಅಲ್ಲಿ ಕೈ ಉಳಿದಿಲ್ಲ. ಆ ಊರಿಗೆ ಕ್ವಿನೈನ್ ಕಳಿಸಿ, ಈ ವಾರವೇ ಕಳಿಸಿ. ಕಮಿಟಿ ಗಿಮಿಟಿ ಆಮೇಲೆ ಮಾಡ್ಕೊಳ್ಳಿ."

ಅಷ್ಟರಲ್ಲಿ ನನ್ನ ಸರದಿ ಬಂದು ನಾನು ಹೋಗಿ ಕೂತೆ. ಬಿಶಾರಾ ಎದ್ದು ಒಳಗೆ ಹೋದ. ಹಾಗಾಗಿ ಮಂತ್ರಿ ಕೊಟ್ಟ ಉತ್ತರ ಅವನ ಕಿವಿಗೆ ಬೀಳಲಿಲ್ಲ, ನನ್ನ ಕಿವಿಗೆ ಬಿತ್ತು. ಮಾನ್ಯರು ಹೆಸರು ಹೇಳಿದ ಊರಿಗೆ ಗುರುವಾರದ ರೈಲಿನಲ್ಲೇ ಡಾಕ್ಟರನ್ನೂ ಔಷಧವನ್ನೂ ಕಳಿಸುತ್ತೇನೆ ಎಂದ ಮಂತ್ರಿ. ಸಭೆ ಚಪ್ಪಾಳೆ ತಟ್ಟಿತು. ನಾನು ಬರೆದುಕೊಂಡೆ.

ಮರುದಿನ ಬೆಳಿಗ್ಗೆ ಕಚೇರಿಯ ಹಿಂದಿನ ಗಾಡಿಯ ಹತ್ತಿರ ನಾವಿಬ್ಬರೂ ಬೇಯಿಸಿದ ಫೂಲ್ ಕಾಳಿಗೆ ರೊಟ್ಟಿ ಅದ್ದಿಕೊಂಡು ತಿನ್ನುತ್ತಿದ್ದೆವು. "ಅಕ್ಕನಿಗೆ ಹೇಳಿ ಕಳಿಸೋ, ನಿಮ್ಮೂರಿಗೆ ಡಾಕ್ಟರು ಹೊರಟ್ರು," ಎಂದು ನಾನು ನಡೆದದ್ದು ಹೇಳಿದೆ. ಬಿಶಾರಾನ ಕೈಯಲ್ಲಿನ ರೊಟ್ಟಿ ಅಲ್ಲೇ ನಿಂತಿತು.

"ನಾನು ಊರಿನ ಹೆಸರು ಬರ್ದಿಲ್ಲ," ಎಂದ.

"ಏನಂದೆ?"

ಜೇಬಿನಿಂದ ಹಾಳೆ ತೆಗೆದು ಕೊಟ್ಟ. ದಕ್ಷಿಣದ ಕೆಲವು ಗ್ರಾಮಗಳಲ್ಲಿ ಕಂಡುಬಂದಿರುವ ದುಃಸ್ಥಿತಿಯತ್ತ ಸರ್ಕಾರದ ಕರುಣೆಯ ದೃಷ್ಟಿ ಹರಿಯಲೆಂದು ಬಿನ್ನವಿಸಿಕೊಳ್ಳುತ್ತೇನೆ, ಎಂದಿತ್ತು. ಹೆಣಗಳ ಲೆಕ್ಕ ಇಲ್ಲ, ವಾರ ಇಲ್ಲ, ಊರೂ ಇಲ್ಲ. ಓದಲು ಮಾತ್ರ ಬಹಳ ಸೊಗಸಾಗಿತ್ತು.

"ಆ ಊರು ಕೈರೋದಲ್ಲಿ ಯಾರಿಗೆ ಗೊತ್ತು ಹೇಳು. ನನ್ನ ನೌಕರಿ ಕಾಗದದಲ್ಲಿ ಹುಟ್ಟೂರು ಅಂತ ಅದೇ ಇದೆ. ಬೇ ಕಿವಿಗೆ ಹಾಕಿದೋನು ನಾನೇ ಅಂತ ಮುಖ್ಯಸ್ಥರಿಗೆ ತಿಳಿಯೋದಿಲ್ವಾ? ಕೇಳ್ಬೇಕಾದವರು ಹೇಗೂ ಕೇಳಿದ್ರು, ಪುಸ್ತಕ ಯಾರು ಓದ್ತಾರೆ ಅಂದ್ಕೊಂಡೆ."

"ಮಂಗನಂಥವನೇ, ಸರ್ಕಾರ ಅದನ್ನೊಂದೇ ಓದೋದು," ಎಂದೆ. "ಇನ್ನೂ ಬೇ ಸಹಿ ಬಿದ್ದಿಲ್ಲ. ನಡಿ, ಬಾಯಿಬಿಟ್ಟು ಹೇಳು."

ನಮ್ಮಲ್ಲಿ ಪದ್ಧತಿ ಹಾಗಿತ್ತು. ಬರೆದದ್ದನ್ನು ಮರುದಿನ ಹತ್ತು ಗಂಟೆಯೊಳಗೆ ಮಾತಾಡಿದವರಿಗೇ ತೋರಿಸಬೇಕು. ಅವರು ತಿದ್ದಿದರೆ ಸರಿ. ಸಹಿ ಹಾಕಿದ ಮೇಲೆ ಒಂದು ಚುಕ್ಕೆಯನ್ನೂ ಬದಲಿಸುವಂತಿಲ್ಲ. ಬೇ ಗ್ರಂಥಾಲಯದಲ್ಲಿ ಕೂತಿದ್ದ. ನಮ್ಮ ದುರದೃಷ್ಟಕ್ಕೆ ನಮ್ಮ ಮುಖ್ಯಸ್ಥರೂ ಅವನ ಕುರ್ಚಿಯ ಪಕ್ಕವೇ ನಿಂತಿದ್ದರು. ಬೇ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದ. ಕರುಣೆಯ ದೃಷ್ಟಿ ಎಂಬಲ್ಲಿಗೆ ಬಂದಾಗ ನಿಲ್ಲಿಸಿ ಇನ್ನೊಂದು ಸಲ ಓದಿಕೊಂಡ.

"ನಿನ್ನೆ ಸಿಟ್ಟಿನಲ್ಲಿ ಏನೇನೋ ಒದರಿಬಿಟ್ಟೆ ಅಂತ ರಾತ್ರಿ ನಿದ್ದೆ ಬರಲಿಲ್ಲ ಕಣಯ್ಯ. ನಾನು ಇಷ್ಟು ಚೆನ್ನಾಗಿ ಮಾತಾಡಿದ್ನಾ?"

ಬಿಶಾರಾನ ತುಟಿ ಅಲ್ಲಾಡಿತು. ನಾನು ಅವನ ಮೊಣಕೈ ತಿವಿದೆ.

"ಏನು, ಏನಾದ್ರೂ ಹೇಳೋದಿತ್ತಾ?" ಎಂದರು ಮುಖ್ಯಸ್ಥರು.

"ಇಲ್ಲ, ಸ್ವಾಮಿ. ತಮ್ಮ ದಯೆ," ಎಂದ ಬಿಶಾರಾ.

ಬೇ ಸಹಿ ಹಾಕಿದ. ನಾನಾದರೂ ಹೇಳಬಹುದಿತ್ತು. ಹೇಳಲಿಲ್ಲ. ನನಗೂ ಕೆಲಸ ಬೇಕಿತ್ತು, ಮನೆಯಲ್ಲಿ ನಾಲ್ಕು ಬಾಯಿಗಳಿದ್ದವು. ಇವತ್ತಿಗೂ ಆ ಕ್ಷಣ ನೆನಪಾದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಆರೋಗ್ಯ ಮಂತ್ರಿಯ ಕಚೇರಿಗೆ ಅಚ್ಚಾದ ಹಾಳೆಗಳು ಹೋದ ದಿನ ಬಿಶಾರಾ ಅಲ್ಲಿಗೂ ಹೋದ. ಅಲ್ಲಿನ ಗುಮಾಸ್ತ ಕೆಟ್ಟವನೇನಲ್ಲ. ಕುರ್ಚಿ ಕೊಟ್ಟು ಕೂರಿಸಿದ.

"ಮಂತ್ರಿಗಳು ಹೆಸರು ಹೇಳಿದ ಊರಿಗೆ ಅಂದಿದ್ದಾರೆ. ಸರಿ. ಹೆಸರೆಲ್ಲಿದೆ ತೋರ್ಸಿ, ಈಗ್ಲೇ ಬರೀತೀನಿ," ಎಂದು ಹಾಳೆಯನ್ನು ಇವನ ಮುಂದೆ ತಳ್ಳಿದ.

"ಅವರು ಹೇಳಿದ್ರು. ನಾನು ಕೇಳಿದೀನಿ."

"ನೀವು ಕೇಳಿದ್ದು ನಂಗೆ ಬೇಡಪ್ಪ. ಇಲ್ಲಿ ಇರ್ಬೇಕು."

ಬೇಯನ್ನೇ ಹಿಡಿಯೋಣವೆಂದರೆ ಅಷ್ಟರಲ್ಲಿ ಅಧಿವೇಶನ ಮುಗಿದು ಅವನು ಅಲೆಕ್ಸಾಂಡ್ರಿಯಾದ ಕಡಲಿಗೆ ಹೋಗಿಯಾಗಿತ್ತು. ಇಬ್ಬರು ಡಾಕ್ಟರು ಗುರುವಾರದ ರೈಲು ಹತ್ತಿದ್ದು ನಿಜ. ಊರು ಯಾವುದೆಂದು ಕಾಗದದಲ್ಲಿ ಇಲ್ಲವಾದ್ದರಿಂದ ಜಿಲ್ಲೆಯ ಪಟ್ಟಣದಲ್ಲೇ ಇಳಿದು ಅಲ್ಲೇ ಉಳಿದರು. ಅಲ್ಲಿಂದ ಕೋಮ್ ಸಬೀಲಿಗೆ ಕತ್ತೆಯ ಮೇಲೆ ಅರ್ಧ ದಿನದ ದಾರಿ. ಜ್ವರ ಬಂದವರು ಆ ದಾರಿ ನಡೆಯಲಾರರು, ನಡೆಯುವಂಥವರಿಗೆ ಔಷಧ ಬೇಕಿರಲಿಲ್ಲ. ಆಮೇಲಿನ ಸೋಮವಾರ ದಿಮ್ಯಾನಾ ತೀರಿಕೊಂಡಳು.

ನಲವತ್ತನೆಯ ದಿನದ ಪ್ರಾರ್ಥನೆಗೆ ಬಿಶಾರಾನ ಜೊತೆ ನಾನೂ ಹೋದೆ. ಒಬ್ಬನನ್ನೇ ಕಳಿಸಲು ಮನಸ್ಸಾಗಲಿಲ್ಲ. ಮನೆಯ ಮುಂದಿನ ಬೆಂಚುಗಳಲ್ಲಿ ಊರಲ್ಲಿ ಉಳಿದಿದ್ದ ಗಂಡಸರು ಕೂತಿದ್ದರು. ಕಡ್ಡಿಯಂತಾಗಿದ್ದ ಬೊಕ್ತೊರ್ ಸಕ್ಕರೆಯಿಲ್ಲದ ಕಾಫಿ ತಂದು ಬಾಮೈದನ ಎದುರು ಕೂತ.

"ಬೇ ಸಾಹೇಬ್ರು ಸಭೇಲಿ ನಮ್ಮೂರ ಹೆಸರು ಹೇಳಿದ್ರಂತೆ, ಹೌದಾ?"

"ಹೇಳಿದ್ರು, ಭಾವ."

"ನಿನ್ನ ಕಿವಿಯಾರೆ ಕೇಳ್ದ್ಯಾ?"

"ಕೇಳ್ದೆ."

ಬೊಕ್ತೊರ್ ಬೆಂಚಿನವರ ಕಡೆ ತಿರುಗಿದ. "ಕೇಳಿಸ್ಕೊಂಡ್ರಾ? ನಮ್ಮ ಹುಡುಗ ಕೈಬಿಡೋನಲ್ಲ ಅಂತ ನಾನು ಹೇಳ್ಲಿಲ್ವಾ? ಅಷ್ಟು ದೊಡ್ಡವರ ಬಾಯಲ್ಲಿ ನಮ್ಮಂಥವರ ಹೆಸರು ಬರ್ಸಿದ. ಇನ್ನು ಅವರು ಕಳಿಸ್ಲಿಲ್ಲ ಅಂದ್ರೆ ಇವನೇನು ಮಾಡ್ತಾನೆ. ಅವಳೂ ಕೊನೇ ಗಳಿಗೇವರೆಗೂ ಅದನ್ನೇ ಅಂತಿದ್ಳು. ಬಿಶಾರಾ ಬರೀತಾನೆ, ಡಾಕ್ಟ್ರು ಬರ್ತಾರೆ, ಬಾಗ್ಲು ಹಾಕ್ಬೇಡಿ ಅಂತ."

ಹಾಗೆಂದವನೇ ಬಗ್ಗಿ, ತನಗಿಂತ ಹತ್ತು ವರ್ಷ ಚಿಕ್ಕವನಾದ ಬಿಶಾರಾನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮುತ್ತಿಟ್ಟ. ಬಿಶಾರಾ ಕೈ ಬಿಡಿಸಿಕೊಳ್ಳಲಿಲ್ಲ.