ಲಾನ್ಸಿಯ ನೀಲಿ ಡ್ರಮ್ಮುಗಳು

ಹಾನುಬಾಳಿನ ಲಾನ್ಸಿ ಮೂವತ್ತು ವರ್ಷ ಎಸ್ಟೇಟಿನಲ್ಲಿ ರೈಟರ್ ಆಗಿದ್ದ. ಆಳುಗಳ ಹಾಜರಿ ಹಿಡಿದು, ಅವರ ಜಗಳ ಬಿಡಿಸಿ ಸುಸ್ತಾಗಿ, ನಿವೃತ್ತಿಯಾದ ಮೇಲೆ ಎರಡು ಹಸು ಕಟ್ಟಿಕೊಂಡ. ಹಸುಗಳಾದರೆ ಎದುರು ವಾದಿಸುವುದಿಲ್ಲ ಎಂಬುದು ಅವನ ನಂಬಿಕೆ. ಮೊದಲ ಚಳಿಗಾಲದಲ್ಲೇ ಆ ನಂಬಿಕೆ ಕೆಟ್ಟಿತು.

ಮೊದಲೆಲ್ಲ ದೀಪಾವಳಿ ಕಳೆದರೆ ಮಳೆ ಇತ್ತ ತಲೆ ಹಾಕುತ್ತಿರಲಿಲ್ಲ. ಭತ್ತ ಕೊಯ್ದು, ಹುಲ್ಲು ಒಣಗಿಸಿ ಮೆದೆ ಒಟ್ಟಿದರೆ ಮುಂಗಾರಿನವರೆಗೆ ದನಗಳ ಚಿಂತೆಯಿಲ್ಲ. ಈಚೆಗೆ ಮಳೆಗೆ ಹೊತ್ತುಗೊತ್ತಿಲ್ಲ. ಆ ವರ್ಷ ಹುಲ್ಲು ಗದ್ದೆಯಲ್ಲಿ ಹರಡಿದ್ದಾಗಲೇ ಒಂದು ವಾರ ಸುರಿಯಿತು. ಬೂಷ್ಟು ಹಿಡಿದ ಹುಲ್ಲನ್ನು ಮುಂದಿಟ್ಟರೆ ದೊಡ್ಡ ಹಸು ಲಿಲ್ಲಿ ಮೂಸಿ, ಲಾನ್ಸಿಯ ಮುಖ ನೋಡಿ, ಬೆನ್ನು ತಿರುಗಿಸಿ ನಿಂತಿತು.

ಪಶುವೈದ್ಯೆ ವಾಣಿ ಉಪಾಯ ಹೇಳಿದರು. ಹಸಿ ಜೋಳದ ದಂಟನ್ನು ಸಣ್ಣಗೆ ಕತ್ತರಿಸಿ, ಗಾಳಿಯಾಡದಂತೆ ಡ್ರಮ್ಮಿನಲ್ಲಿ ತುಳಿದು ಮುಚ್ಚಿ, ನಲವತ್ತೈದು ದಿನ ಬಿಟ್ಟರೆ ರಸಮೇವು. ಮಳೆ ಬಂದರೂ ಕೆಡುವುದಿಲ್ಲ. ಊರಿನಲ್ಲಿ ಬಾಡಿಗೆಗೆ ಪಿಕಪ್ ಓಡಿಸುವ ಮುನೀರ್ ಕುಂದೂರು ಕಡೆಯಿಂದ ದಂಟು ತಂದು ಸುರಿದ. ಲಾನ್ಸಿ ಬೆಲ್ಲದ ನೀರು ಚಿಮುಕಿಸಿ, ನಾಲ್ಕು ನೀಲಿ ಡ್ರಮ್ಮುಗಳಿಗೂ ಇಳಿದು ತುಳಿದ.

ಡ್ರಮ್ಮು, ಬೆಲ್ಲ, ಹತ್ತಿರ ಬಂದ ಕ್ರಿಸ್ಮಸ್. ಊರಿಗೆ ಅಷ್ಟು ಸಾಕಾಯಿತು.

ಪಕ್ಕದ ಮನೆಯ ಬಸವಯ್ಯ ಬೇಲಿಗೆ ಆತು ನಿಂತು ಕೇಳಿದ, "ರೈಟ್ರೇ, ಯಾವಾಗ ಹದ ಬತ್ತದೆ?"

"ದನಕ್ಕೆ ಕಣೋ ಬಸವಯ್ಯ!"

"ಆಯ್ತು ಬುಡಿ, ದನಕ್ಕೇ. ನಾನ್ಯಾರ್ಗೂ ಯೋಳಲ್ಲ."

ಸಂಜೆಯೊಳಗೆ ಸುದ್ದಿ ಬಸ್‌ಸ್ಟ್ಯಾಂಡು ದಾಟಿತ್ತು. ಭಾನುವಾರ ಚರ್ಚಿನಿಂದ ಬಂದ ಹೆಂಡತಿ ಸುಸಾನ್ ಸಿಡುಕಿದಳು, "ನಿಮ್ಮ ವೈನಿಗೆ ಯಾವ ಹಣ್ಣು ಅಂತ ಮೂರು ಜನ ಕೇಳಿದ್ರು. ಏನು ಹೇಳ್ಲಿ, ಜೋಳದ ದಂಟು ಅಂತಾನಾ?"

ಜನವರಿಯಲ್ಲಿ ಡ್ರಮ್ಮು ತೆಗೆಯುವ ದಿನ ಕೊಟ್ಟಿಗೆಯ ಮುಂದೆ ಹತ್ತು ಜನ ಸೇರಿದ್ದರು. ಮುಚ್ಚಳ ಎತ್ತಿದ ಕೂಡಲೇ ಹುಳಿ ವಾಸನೆ ಎದ್ದಿತು. ಬಸವಯ್ಯ ಕಣ್ಣು ಮುಚ್ಚಿ "ಆಹಾ!" ಎಂದ. ಕಣ್ಣು ಬಿಟ್ಟಾಗ ಕಂಡದ್ದು ಹಳದಿ ತಿರುಗಿದ ದಂಟಿನ ಚೂರು. ಆದರೂ ಆಸೆ ಬಿಡದೆ ಒಂದು ಹಿಡಿ ಜಗಿದು, ಥೂ ಎಂದು ಉಗಿದ. "ಇದೇನ್ರೀ, ಹುಳಿ ಹುಲ್ಲು!"

"ನಾನು ಇಷ್ಟು ದಿನ ಬಡ್ಕೊಂಡಿದ್ದೇನು ಮಾರಾಯ!" ಎಂದ ಲಾನ್ಸಿ, ಗೆದ್ದವನಂತೆ ಲಿಲ್ಲಿಯ ಮುಂದೆ ಒಂದು ಬುಟ್ಟಿ ಇಟ್ಟ.

ಲಿಲ್ಲಿ ಮೂಸಿತು. ಬೆನ್ನು ತಿರುಗಿಸಿತು. ಅಂಗಳವೆಲ್ಲ ನಕ್ಕಿತು. ಲಾನ್ಸಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಸುಸಾನ್ ಒಳಗಿನಿಂದ ಬೂಸಾ ತಂದು, ಅದಕ್ಕೊಂದು ಹಿಡಿ ರಸಮೇವು ಬೆರೆಸಿ, ಅಂಗೈಯಲ್ಲಿ ಹಿಡಿದಳು. ಲಿಲ್ಲಿ ನೆಕ್ಕಿತು, ಯೋಚಿಸಿತು, ಮತ್ತೆ ನೆಕ್ಕಿತು. ಆಮೇಲೆ ಸುಸಾನಳನ್ನೇ ಪಕ್ಕಕ್ಕೆ ತಳ್ಳಿ ಬುಟ್ಟಿಗೆ ಬಾಯಿ ಹಾಕಿತು.

"ಅಭ್ಯಾಸ ಆಗ್ಬೇಕಷ್ಟೆ," ಎಂದಳು ಸುಸಾನ್. "ನಿಮ್ಮನ್ನ ಮದುವೆ ಆದಾಗ ನಂಗೂ ಹೀಗೇ ಇತ್ತು."

ಹದಿನೈದು ದಿನಕ್ಕೆ ಹಾಲು ಎರಡು ಲೀಟರು ಏರಿತು. ಮರುವರ್ಷ ನವೆಂಬರಿನ ಮಳೆಗೆ ಬಸವಯ್ಯನ ಹುಲ್ಲೂ ಕೊಳೆತಾಗ, ಅವನೇ ತಲೆ ಕೆರೆಯುತ್ತ ಬಂದು ಲಾನ್ಸಿಯನ್ನು ಕರೆದೊಯ್ದ. ಈಗ ಹನ್ನೊಂದು ಮನೆಗಳಲ್ಲಿ ಡ್ರಮ್ಮು ತುಂಬುತ್ತಾರೆ. ಎಲ್ಲ ಕಡೆಯೂ ತುಳಿಯುವವನು ಲಾನ್ಸಿಯೇ. ಬೇರೆಯವರಿಗೆ ಹದ ಗೊತ್ತಾಗುವುದಿಲ್ಲ ಎಂದು ಅವನ ವಾದ.