ಬೋಣಿಯಾಗದ ಬೆಳಿಗ್ಗೆ

ಅಲ್ಲ ನವ್ಯಾ, ನಾನೂ ಅದನ್ನೇ ಹೇಳುತ್ತಿರುವುದು. ಸರಸ ಜಗಳಗಂಟಿ ಎಂದು ನಿನಗೆ ಹೇಳಿದವರು ಅವಳ ಹತ್ತಿರ ಚೌಕಾಸಿ ಮಾಡಿ ಸೋತವರೇ ಇರಬೇಕು. ಆ ಚಾಪೆಯನ್ನು ಸ್ವಲ್ಪ ಇತ್ತ ಎಳೆ, ಕಾಲು ಚಾಚುತ್ತೇನೆ. ಮಾರುಕಟ್ಟೆಯ ಸಿಮೆಂಟು ಕಟ್ಟೆಯ ಮೇಲೆ ಕೂತು ಕೂತು ನಿನ್ನ ಅಜ್ಜಿಯ ಮಂಡಿ ಎಂದೋ ಹೋಯಿತು. ಹಾಂ, ಈಗ ಬರೆದುಕೋ. ತಪ್ಪು ಬರೆದರೆ ಸರಸ ನನ್ನನ್ನು ಬಿಡುವುದಿಲ್ಲ. ಅವಳು ಯಾರನ್ನೂ ಬಿಟ್ಟವಳಲ್ಲ.

ಕುಂದಾಪುರದ ಮೀನು ಮಾರುಕಟ್ಟೆಯಲ್ಲಿ ನನ್ನ ಎಡಗಡೆಯ ಜಾಗ ಅವಳದ್ದು. ನಾನು ಬೈಗೆ, ಬಂಗಡೆಯಂಥ ಸಣ್ಣ ಮೀನು ಇಡುವವಳು. ಅವಳದ್ದು ಅಂಜಲ್, ದೊಡ್ಡವರ ಮನೆಯ ಮೀನು. ಅಂಜಲನ್ನು ಅವಳು ಕತ್ತರಿಸುವುದನ್ನು ನೋಡಬೇಕು ನೀನು. ಒಂದು ತುಂಡು ದಪ್ಪ, ಒಂದು ತೆಳು ಎಂಬುದಿಲ್ಲ. ನಿನ್ನ ಅಮ್ಮನ ಮದುವೆಯ ಮರುದಿನದ ಊಟಕ್ಕೆ ಅವಳೇ ಕತ್ತರಿಸಿದ್ದು. ದುಡ್ಡು ಕೊಡಲು ಹೋದರೆ ಕತ್ತಿ ತೋರಿಸಿದಳು. ಅಂಥವಳು.

ಅವಳ ಗಂಡ ಗುಡ್ಡ. ಒಳ್ಳೆಯ ಮನುಷ್ಯ, ಮಾತು ಕಡಿಮೆ. ಗಂಗೊಳ್ಳಿಯ ಅಳಿವೆಯಲ್ಲಿ ದೋಣಿ ಮಗುಚಿ ಹೋದ. ಅಳಿವೆ ಎಂದರೆ ಗೊತ್ತಲ್ಲ, ಹೊಳೆ ಸಮುದ್ರಕ್ಕೆ ಸೇರುವ ಬಾಯಿ. ಅದರ ನಂತರ ಸರ್ಕಾರದ ವಿಧವಾ ವೇತನ ಅವಳಿಗೆ ತಿಂಗಳು ತಿಂಗಳು ಬರತೊಡಗಿತು. ದೊಡ್ಡ ದುಡ್ಡೇನಲ್ಲ. ಆದರೆ ಅವಳು ಅದನ್ನು ಮೀನಿನ ದುಡ್ಡಿನ ಜೊತೆ ಬೆರೆಸುತ್ತಿರಲಿಲ್ಲ. 'ಇದ್ ಅವ್ರ್ ಕಳ್ಸಿದ್ದ್' ಎನ್ನುತ್ತಿದ್ದಳು. ಸತ್ತವನು ಈಗಲೂ ದೋಣಿಗೆ ಹೋಗಿ ಬರುತ್ತಿದ್ದಾನೆ ಎಂಬ ಹಾಗೆ.

ಆ ದುಡ್ಡನ್ನು ತೆಗೆದುಕೊಡುತ್ತಿದ್ದವನು ರಾಜೇಂದ್ರ. ಗುಡ್ಡನ ಅಕ್ಕನ ಮಗ, ಅಂದರೆ ಸರಸಳಿಗೆ ಅಳಿಯ. ಬ್ಯಾಂಕಿನವರು ಅವನಿಗೊಂದು ಪುಟ್ಟ ಮೆಷಿನ್ ಕೊಟ್ಟು ಮಾರುಕಟ್ಟೆಯ ಮೆಟ್ಟಿಲ ಕೆಳಗೆ ಕೂರಿಸಿದ್ದರು. ಹೆಬ್ಬೆಟ್ಟು ಒತ್ತಿದರೆ ಖಾತೆಯಲ್ಲಿದ್ದ ದುಡ್ಡು ಕೈಗೆ ಬರುತ್ತಿತ್ತು. ಬ್ಯಾಂಕಿನ ಗಾಜಿನ ಬಾಗಿಲು ತಳ್ಳಿ ಮೀನಿನ ವಾಸನೆಯಲ್ಲಿ ಒಳಗೆ ಹೋಗಲು ನಮಗೆಲ್ಲ ನಾಚಿಕೆ, ಅವನ ಮೇಜಿಗೆ ಹೋಗಲು ಎಂಥ ನಾಚಿಕೆ?

ಆಮೇಲೆ ಬಂದವನು ರತೀಶ್. ತಲ್ಲೂರಿನವನೇ, ನಮ್ಮವನೇ. ಒಂದು ಫೋನ್ ಕಂಪನಿಯ ಗಿಳಿಹಸಿರು ಅಂಗಿ ಹಾಕಿಕೊಂಡು ಮಾರುಕಟ್ಟೆಯ ಬಾಗಿಲಲ್ಲಿ ಕೊಡೆ ಬಿಚ್ಚಿದ. ಮಾತಾಡುವ ಫೋನಿನವರಿಗೆ ದುಡ್ಡಿನ ಕೆಲಸ ಯಾಕೆ ಎಂದು ಕೇಳಬೇಡ, ನನಗೂ ಗೊತ್ತಿಲ್ಲ. ಫೋನೇ ಇನ್ನು ಬ್ಯಾಂಕು ಎಂದ ಅವನು. ಅಂದಿನಿಂದ ನಮ್ಮ ತಕ್ಕಡಿಗಳ ಪಾಡು ಹೇಳುವುದೇ ಬೇಡ. ಬೆಳಿಗ್ಗೆ ಬ್ಯಾಂಕಿನ ಚೀಟಿ ಅಂಟಿಸಿದರೆ ಮಧ್ಯಾಹ್ನ ಅದರ ಮೇಲೆ ಫೋನಿನವರ ಚೀಟಿ. ದುಡ್ಡು ಬಂತು ಎಂದು ಕೂಗುವ ಡಬ್ಬಿಗಳು ಬೇರೆ, ಅವರದ್ದೊಂದು, ಇವರದ್ದೊಂದು. ಒಂದೇ ಮನೆಯಲ್ಲಿ ಇಬ್ಬರು ಸವತಿಯರನ್ನು ಕೂರಿಸಿದ ಹಾಗೆ. ಸರಸಳ ಆಚೆ ಬದಿಯಲ್ಲಿ ಕೂರುವ ಪದ್ದು ಎರಡನ್ನೂ ಮೀನಿನ ಐಸಿನ ಪೆಟ್ಟಿಗೆಗೆ ಹಾಕಿ ಮುಚ್ಚಳ ಮುಚ್ಚಿದ್ದಳು ಒಂದು ದಿನ. ಒಳಗಿಂದಲೂ ಕೂಗುತ್ತಿದ್ದವು.

ಎಲ್ಲದಕ್ಕೂ ನಾವು ಹೊಂದಿಕೊಂಡೆವು. ಬೋಣಿ ಒಂದನ್ನು ಮಾತ್ರ ಬಿಡಲಿಲ್ಲ. ದಿನದ ಮೊದಲ ವ್ಯಾಪಾರದ ದುಡ್ಡು ಕೈಗೇ ಬರಬೇಕು, ನೋಟಾಗಿಯೇ ಬರಬೇಕು. ಅದನ್ನು ಕತ್ತಿಗೆ ಮುಟ್ಟಿಸಿ, ಕಣ್ಣಿಗೊತ್ತಿ, ಬುಟ್ಟಿಯ ಅಡಿಗೆ ಇಟ್ಟ ಮೇಲೆ ನೀನು ಫೋನು ತೋರಿಸು, ಚೀಟಿ ತೋರಿಸು, ಏನು ಬೇಕಾದರೂ ತೋರಿಸು. ಬ್ರಹ್ಮಾವರದಿಂದ ಕಾರಿನಲ್ಲಿ ಬರುತ್ತಿದ್ದ ಒಬ್ಬ ದೊಡ್ಡ ಮನುಷ್ಯರನ್ನು ಸರಸ ಹೀಗೇ ನಿಲ್ಲಿಸಿದ್ದಳು. ಫೋನು ಹಿಡಿದುಕೊಂಡೇ ಅವರು ನಿಂತಿದ್ದರು, ಒಬ್ಬಳು ಕೆಲಸದವಳು ಬಂದು ಸೆರಗಿನ ಗಂಟಿನಿಂದ ನೋಟು ತೆಗೆದು ಬೋಣಿ ಮಾಡುವವರೆಗೆ. ಇದನ್ನು ನೆನಪಿಟ್ಟುಕೋ, ಮುಂದೆ ಬೇಕು.

ಒಂದು ದಿನ ರತೀಶ್ ಮೆಷಿನ್ ಹಿಡಿದು ಕಟ್ಟೆಯ ಹತ್ತಿರವೇ ಬಂದ.

"ಸರಸಕ್ಕಾ, ನಿಮ್ಮ್ ಸಿಮ್ ಬಂದ್ ಆತ್ತ್ ಕಾಣಿ. ಒಂದ್ ಹೆಬ್ಬೆಟ್ಟ್ ಒತ್ತಿ."

ಒತ್ತಿದಳು.

"ಬರ್ಲಿಲ್ಲ. ಕೈಯಂಗೆ ಮೀನಿನ್ ಪಸೆ ಇತ್ತ್. ಒರ್ಸ್ಕಂಡ್ ಇನ್ನೊಂದ್ಸಲ ಒತ್ತಿ."

"ಎಷ್ಟ್ ಸಲ ಒತ್ತುದ್ ಮಾರಾಯ? ನನ್ ಹೆಬ್ಬೆಟ್ಟೇ ಸವ್ದ್ ಹೋಪುಕಾಯ್ತ್" ಎಂದು ನಗುತ್ತಲೇ ಮತ್ತೆ ಒತ್ತಿದಳು. ನಾನು ಪಕ್ಕದಲ್ಲೇ ಇದ್ದೆ. ಮೊದಲನೆಯದು ಸಿಮ್ಮಿಗೆ. ಎರಡನೆಯದು ಯಾವುದಕ್ಕೆ ಎಂದು ಅವನು ಹೇಳಲಿಲ್ಲ, ನಾವು ಕೇಳಲಿಲ್ಲ.

ಮುಂದಿನ ತಿಂಗಳು ವೇತನ ಬರಲಿಲ್ಲ. ಅದರ ಮುಂದಿನ ತಿಂಗಳೂ ಇಲ್ಲ. ನಾಚಿಕೆ ಬಿಟ್ಟು ಗಾಜಿನ ಬಾಗಿಲು ತಳ್ಳಿ ಬ್ಯಾಂಕಿಗೆ ಹೋದಳು. ಸರ್ವರ್ ಇಲ್ಲ ಎಂದರು. ಮುಂದಿನ ವಾರ ಬನ್ನಿ ಎಂದರು. ಮೂಗು ಮುಚ್ಚಿಕೊಂಡೇ ಎಂದರು. ಮಳೆಗಾಲ ಬಂತು, ಬಲೆಗಳನ್ನು ಕಟ್ಟಿಟ್ಟರು, ಮೀನಿಲ್ಲ, ಒಣಮೀನು ಮಾರಿ ದಿನ ದೂಡಿದೆವು. ಗುಡ್ಡ ಕಳಿಸುವ ದುಡ್ಡು ನಿಂತೇ ಹೋಗಿತ್ತು.

ಮಳೆ ಕಳೆದು ಮಾರುಕಟ್ಟೆ ತುಂಬಿದ ದಿನ ಅವಳು ನೇರ ರಾಜೇಂದ್ರನ ಮೇಜಿಗೆ ಹೋಗಿ ಖಾಲಿ ಬುಟ್ಟಿಯನ್ನು ಅದರ ಮೇಲೆ ಕುಕ್ಕಿದಳು.

"ಹ್ವಾಯ್ ರಾಜೇಂದ್ರ! ನಿನ್ ಮಾವ ಅಳಿವೆಯಂಗೆ ಮುಳ್ಗಿ ಸತ್ತದ್ದಕ್ಕ್ ಬಪ್ಪ ದುಡ್ಡ್ ಅದ್. ತಿಂಬುಕೆ ಮನಸ್ ಹ್ಯಾಂಗ್ ಬಂತ್ ನಿಂಗೆ?"

ಮಾರುಕಟ್ಟೆ ಇಡೀ ಅತ್ತ ತಿರುಗಿತು. ಅವನ ಮುಖ ಬೆಂದ ಬಾಳೆ ಎಲೆಯ ಹಾಗಾಯಿತು.

"ಅತ್ತೆ, ನಾನ್ ಒಂದ್ ಪೈಸೆ ಮುಟ್ಟಲಿಲ್ಲ. ದುಡ್ಡ್ ಖಾತಿಗ್ ಬರ್ಲೇ ಇಲ್ಲ. ನಿಮ್ ಫೋನ್ ಒಂದ್ಸಲ ಕೊಡಿ, ಕಾಂಬ."

"ಫೋನ್ ಬೇರೆ ಕೊಡ್ಕಾ? ಉಳ್ದದ್ದನ್ನೂ ತಿಂಬುಕಾ? ಕಳ್ಳ!"

ಆಗ ರತೀಶ್ ಎಲ್ಲಿದ್ದ ಗೊತ್ತೇ? ಅಲ್ಲೇ, ಕೊಡೆಯ ಕೆಳಗೆ. ಎಲ್ಲ ಗೊತ್ತಿದ್ದವನು. ಹತ್ತಿರ ಬಂದು ಅವಳ ಬುಟ್ಟಿಯನ್ನು ಎತ್ತಿಕೊಟ್ಟು, ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಬ್ಯಾಂಕಿನವ್ರದ್ದ್ ಯಾವಾಗ್ಳೂ ಇದೇ ಕತಿ ಅಕ್ಕಾ. ನಮ್ ಫೋನಿಗ್ ಹಾಕಿ. ಅದಕ್ಕ್ ಯಾರ್ ಕೈಯೂ ತಾಗುದಿಲ್ಲ."

ಮಗಾ, ಅವನು ದುಡ್ಡು ಬೇರೆ ಕಡೆ ತಿರುಗಿಸಿದ್ದನ್ನು ನಾನು ಮರೆತೇನು. ಈ ಮಾತನ್ನು ಮರೆಯುವುದಿಲ್ಲ.

ರಾಜೇಂದ್ರ ಮರುದಿನವೇ ಮೇಜು ಎತ್ತಿಕೊಂಡು ಹೋದ. ಕಳ್ಳನ ಮೆಷಿನಿಗೆ ಹೆಬ್ಬೆಟ್ಟು ಕೊಡುವವರು ಯಾರು? ಹೆಂಗಸರೆಲ್ಲ ರತೀಶನ ಕೊಡೆಯ ಕೆಳಗೆ ಸಾಲು ನಿಂತರು. ಅವನಿಗೆ ಬೇಕಾದದ್ದೂ ಅದೇ.

ಆದರೆ ರಾಜೇಂದ್ರ ಗುಡ್ಡನ ಅಳಿಯ, ಅವಮಾನವನ್ನು ನುಂಗಿ ಕೂರುವ ಜಾತಿಯಲ್ಲ. ಒಂದು ಸಂಜೆ ಸರಸಳ ಮನೆಗೇ ಬಂದ. ಅಂಗಳದಲ್ಲೇ ನಿಂತ, ಒಳಗೆ ಬರಲಿಲ್ಲ. ನಾನು ಅಲ್ಲೇ ಬಸಳೆ ಸೊಪ್ಪು ಕೊಯ್ಯುತ್ತಿದ್ದೆ. "ನಾನ್ ಮುಟ್ಟುದಿಲ್ಲ ಅತ್ತೆ. ನಿಮ್ ಫೋನ್, ನಿಮ್ ಬೆರಳು. ನಾನ್ ಹೇಳಿದ್ ಅಂಕಿ ಒತ್ತಿ ಸಾಕ್" ಎಂದ. ಒತ್ತಿದಳು. ಸರ್ಕಾರದ ದುಡ್ಡು ಯಾವ ಖಾತೆಗೆ ಹೋಗುತ್ತಿದೆ ಎಂದು ಫೋನೇ ತೋರಿಸಿತು. ಬ್ಯಾಂಕಿನ ಹೆಸರಿರಲಿಲ್ಲ. ಫೋನ್ ಕಂಪನಿಯ ಹೆಸರಿತ್ತು. ಆ ಎರಡನೆಯ ಹೆಬ್ಬೆಟ್ಟಿಗೆ ರತೀಶ್ ಅವಳ ಹೆಸರಲ್ಲಿ ಕಂಪನಿಯ ಖಾತೆ ತೆರೆದು, ಅವಳ ವೇತನವನ್ನು ಅತ್ತ ತಿರುಗಿಸಿದ್ದ. ಖಾತೆಯೊಂದಕ್ಕೆ ಅವನಿಗೆ ಕಮಿಷನ್.

ಮರುದಿನ ಅವಳು ರತೀಶನನ್ನು ಕೇಳಿದಳು. ಅವನು ನಕ್ಕ. "ದುಡ್ಡ್ ಎಲ್ಲಿಗ್ ಹೋಯ್ತ್ ಅಕ್ಕಾ, ನಿಮ್ ಫೋನಂಗೇ ಇತ್ತಲೆ. ಹೆಬ್ಬೆಟ್ಟ್ ಒತ್ತಿದ್ದ್ ನೀವೇ. ನಾನ್ ಒತ್ಸ್ಲಿಲ್ಲ."

ದುಡ್ಡು ವಾಪಸು ಬಂತು, ಅದು ದೊಡ್ಡದಲ್ಲ. ಸತ್ತ ಗಂಡನ ಅಳಿಯನನ್ನು ತುಂಬಿದ ಮಾರುಕಟ್ಟೆಯಲ್ಲಿ ಕಳ್ಳ ಎಂದದ್ದು ವಾಪಸು ಬರುತ್ತದೆಯೇ? ಸರಸ ಕೂಗಾಡಲಿಲ್ಲ. ಅದೇ ನನಗೆ ಭಯವಾದದ್ದು. ನಮ್ಮಲ್ಲಿ ಹಸಿ ಸಿಟ್ಟು ಬೇರೆ, ಉಪ್ಪು ಹಾಕಿಟ್ಟ ಸಿಟ್ಟು ಬೇರೆ. ಉಪ್ಪು ಹಾಕಿದ್ದು ಕೆಡುವುದಿಲ್ಲ.

"ತುಂಗಕ್ಕಾ," ಎಂದಳು ನನಗೆ ಮಾತ್ರ ಕೇಳುವ ಹಾಗೆ, "ಇದನ್ನ್ ತೀರ್ಸುದ್ ಅದೇ ಜಾಗದಂಗೆ ಆಯ್ಕ್. ಅದೇ ಜನದ್ ಎದ್ರಿಗೆ ಆಯ್ಕ್."

ಆ ದಿನವನ್ನು ರತೀಶನೇ ತಂದುಕೊಟ್ಟ. ನೋಟಿಲ್ಲದ ಮೀನು ಮಾರುಕಟ್ಟೆ ಎಂದು ದೊಡ್ಡ ಬ್ಯಾನರ್ ಕಟ್ಟಿದ. ಕಂಪನಿಯ ದೊಡ್ಡ ಸಾಹೇಬರು ಸುಧೀರ್ ಬಂದು ಫೋನಿನಲ್ಲೇ ಮೀನು ಕೊಂಡು ಉದ್ಘಾಟನೆ ಮಾಡುವುದು, ಕ್ಯಾಮೆರಾದವರು ಹಿಡಿಯುವುದು. ಎಲ್ಲ ಚೆನ್ನಾಗಿ ನಡೆದರೆ ಬೈಂದೂರಿನಿಂದ ಬ್ರಹ್ಮಾವರದವರೆಗೆ ರತೀಶನೇ ಮ್ಯಾನೇಜರ್. ಬೋಣಿಯ ವಿಷಯ ಅವನಿಗೆ ಗೊತ್ತಿಲ್ಲ ಎಂದುಕೊಳ್ಳಬೇಡ, ಅವನ ಅಮ್ಮನೂ ಮೀನು ಮಾರಿದವಳೇ. ಸಾಹೇಬರು ಬರುವುದು ಬಿಸಿಲೇರಿದ ಮೇಲೆ, ಅಷ್ಟರಲ್ಲಿ ಎಲ್ಲರದ್ದೂ ಬೋಣಿ ಆಗಿಯೇ ಇರುತ್ತದೆ ಎಂಬುದು ಅವನ ಲೆಕ್ಕ. ಯಾವ ಮೀನಿನ ಹೆಂಗಸು ಬೇಕೆಂದು ಬೋಣಿ ತಪ್ಪಿಸಿಕೊಂಡಾಳು?

ಸರಸ ಒಬ್ಬೊಬ್ಬರ ಮನೆಗೂ ಹೋದಳು. ಬೇರೆಯವರಿಗೆ ಏನು ಹೇಳಿದಳೋ, ಆ ಬೆಳಿಗ್ಗೆ ಮಾರುಕಟ್ಟೆಯಲ್ಲಿ ಒಂದು ಮೀನೂ ಮಾರಾಟವಾಗಲಿಲ್ಲ. ಗಿರಾಕಿಗಳು ಬಂದರೆ ಆಮೇಲೆ ಬನ್ನಿ ಎಂದೆವು. ನನ್ನ ಬಂಗಡೆಯ ಕಣ್ಣು ಮಸುಕಾಗುತ್ತಾ ಬಂತು, ಆದರೂ ಮಾರಲಿಲ್ಲ. ಪದ್ದು ಬೆಳಗಾಗುತ್ತಲೇ ರತೀಶನನ್ನು ಹಿಡಿದಿದ್ದಳು: "ದೋಣಿಯವ್ರಿಗ್ ನೋಟೇ ಬೇಕಂಬ್ರ್ ಮಾರಾಯ. ನಿನ್ ಫೋನಿಗ್ ಹಾಕ್ತೆ, ಕಿಸೆಯಂಗ್ ಇದ್ದದ್ದ್ ಎಲ್ಲ ಕೊಡ್." ಅವನು ಖುಷಿಯಲ್ಲಿ ಇದ್ದಬದ್ದ ನೋಟನ್ನೆಲ್ಲ ಕೊಟ್ಟ. ಫೋನಿನ ವ್ಯಾಪಾರ ಒಂದು ಹೆಚ್ಚಾಯಿತಲ್ಲ ಅವನಿಗೆ.

ಸಾಹೇಬರು ಬಂದರು. ಮೈಕಿನಲ್ಲಿ, "ನಾನು ನೋಟು ಮುಟ್ಟದೆ ವರ್ಷಗಳಾದವು, ನನ್ನ ಜೇಬಿನಲ್ಲಿ ಪರ್ಸೇ ಇಲ್ಲ" ಎಂದು ಕಿಸೆ ಹೊರಗೆ ಎಳೆದು ತೋರಿಸಿದರು. ಎಲ್ಲಕ್ಕಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು ಸರಸ. ಆಮೇಲೆ ಫೋನು ಹಿಡಿದು ಅವಳ ಕಟ್ಟೆಗೇ ಬಂದರು. "ಒಂದು ಒಳ್ಳೆಯ ಅಂಜಲ್ ಕೊಡಿ ಅಮ್ಮಾ."

"ಕೊಡ್ತಿದ್ದೆ ಸರ್. ಬೋಣಿ ಆಯ್ಲಿಲ್ಲ. ಮೊದ್ಲ್ ನೋಟ್ ಕೊಡ್ಕ್."

ಸಾಹೇಬರು ನಕ್ಕು ಪದ್ದುವಿನ ಕಡೆ ತಿರುಗಿದರು.

"ನಂಗೂ ಆಯ್ಲಿಲ್ಲ ಸರ್" ಎಂದಳು ಪದ್ದು.

ನನ್ನ ಹತ್ತಿರ ಬಂದರು. ನಾನು ಬಾಯಿ ಬಿಡುವ ಮೊದಲೇ ಹಿಂದಿನ ಸಾಲಿನಿಂದ ಯಾರೋ, "ಇಡೀ ಮಾರ್ಕೆಟಿಗೇ ಆಯ್ಲಿಲ್ಲ!" ಎಂದರು. ಕ್ಯಾಮೆರಾದವರು ನಗುತ್ತಾ ಹಿಡಿಯುತ್ತಲೇ ಇದ್ದರು.

"ರತೀಶ್, ಏನಿದು ಬೋಣಿ?" ಸಾಹೇಬರ ನಗು ಹೋಗಿತ್ತು. ರತೀಶ್ ಕಿಸೆಗೆ ಕೈ ಹಾಕಿದ. ಖಾಲಿ. ಪದ್ದುವನ್ನು ನೋಡಿದ. ಅವಳು ಎಲೆಯಡಿಕೆ ಅಗಿಯುತ್ತಾ ಮಾಡಿನ ಹೆಂಚು ನೋಡುತ್ತಿದ್ದಳು. ಅವನಿಗೆ ಆಗ ಗೊತ್ತಾಯಿತು ನೋಡು. ಆ ಮುಖ! ಅದನ್ನೊಂದು ಚೌಕಟ್ಟು ಹಾಕಿಸಿ ಗೋಡೆಗೆ ತೂಗು ಹಾಕಬೇಕಿತ್ತು.

"ಹತ್ತಿರ ಎಟಿಎಂ ಇದೆಯಾ?" ಎಂದರು ಸಾಹೇಬರು.

"ಅಷ್ಟ್ ದೂರ ಎಂತಕೆ ಹೋಪುದ್ ಸರ್?" ಎಂದಳು ಸರಸ. "ಮೆಟ್ಲಿನ್ ಕೆಳಗ್ ನಮ್ ಅಳಿಯ ಇದ್ದ ಕಾಣಿ."

ರಾಜೇಂದ್ರ ಅಲ್ಲೇ ಇದ್ದ, ಅದೇ ಮೇಜು, ಅದೇ ಬ್ಯಾಂಕಿನ ಮೆಷಿನ್. ಅವನನ್ನು ಕೈ ಹಿಡಿದು ಕರೆತಂದು ಕೂರಿಸಿದ್ದು ಸರಸಳೇ. ಕ್ಯಾಮೆರಾ ಹಿಂದೆ ಹಿಂದೆ, ಫೋನ್ ಕಂಪನಿಯ ಸಾಹೇಬರು ಬ್ಯಾಂಕಿನ ಮೇಜಿನೆದುರು ಬಗ್ಗಿ ಹೆಬ್ಬೆಟ್ಟು ಒತ್ತಿದರು.

"ಬರ್ಲಿಲ್ಲ ಸರ್," ಎಂದ ರಾಜೇಂದ್ರ ಮೆತ್ತಗೆ. "ಒರ್ಸ್ಕಂಡ್ ಇನ್ನೊಂದ್ಸಲ ಒತ್ತಿ."

ನಿಜಕ್ಕೂ ಬರಲಿಲ್ಲವೋ, ಬಂದರೂ ಹೇಳಿದನೋ, ನಾನು ಇವತ್ತಿನವರೆಗೆ ಕೇಳಿಲ್ಲ. ಕೇಳಿ ಸುಖ ಕೆಡಿಸಿಕೊಳ್ಳುವುದು ಯಾಕೆ?

ನೋಟು ಬಂತು. ಸರಸ ಅದನ್ನು ಕತ್ತಿಗೆ ಮುಟ್ಟಿಸಿ, ಕಣ್ಣಿಗೊತ್ತಿ, ಬುಟ್ಟಿಯಡಿಗೆ ಇಟ್ಟಳು. ಆಮೇಲೆ ಎದ್ದು ನಿಂತಳು.

"ರತೀಶಾ, ಹೆಬ್ಬೆಟ್ಟ್ ಒತ್ತಿದ್ದ್ ಅವ್ರೇ. ನಾವ್ ಯಾರೂ ಒತ್ಸ್ಲಿಲ್ಲ." ಮತ್ತೆ ಕ್ಯಾಮೆರಾದ ಕಡೆ ಅಲ್ಲ, ನಮ್ಮೆಲ್ಲರ ಕಡೆ ತಿರುಗಿ: "ಎಲ್ಲರೂ ಕೇಣಿ. ಇದೇ ಜಾಗದಂಗೆ ನನ್ ಅಳಿಯನ್ನ ಕಳ್ಳ ಅಂದದ್ದ್ ನಾನ್. ಅಂವ ಕಳ್ಳ ಅಲ್ಲ. ಕಳ್ಳ ಯಾರ್ ಅಂದೇಳಿ ಅವ್ನ್ ಅಂಗಿ ಬಣ್ಣವೇ ಹೇಳತ್ತ್."

ರಾಜೇಂದ್ರ ತಲೆ ತಗ್ಗಿಸಿ ಮೆಷಿನ್ ಒರೆಸುತ್ತಿದ್ದ. ಒರೆಸುವಂಥದ್ದೇನೂ ಅದರಲ್ಲಿ ಇರಲಿಲ್ಲ.

ಗೆದ್ದೆವು ಎಂದುಕೊಂಡು ಬ್ಯಾಂಕಿನವರು ಮರುದಿನ ಸಿಹಿ ಡಬ್ಬಿ ಹಿಡಿದು ಬಂದಿದ್ದರು. ಸರಸ ತನ್ನ ಮೂಗು ಮುಚ್ಚಿಕೊಂಡು, "ಸರ್ವರ್ ಇಲ್ಲ, ಮುಂದಿನ್ ವಾರ ಬನ್ನಿ" ಎಂದಳು. ಡಬ್ಬಿಯನ್ನು ಪದ್ದು ಮಾತ್ರ ಬಿಡಲಿಲ್ಲ. ಮೈಸೂರು ಪಾಕು, ಚೆನ್ನಾಗಿತ್ತು.

ರತೀಶ್ ಮ್ಯಾನೇಜರ್ ಆಗಲಿಲ್ಲ. ಅವನನ್ನು ಹಾಲಾಡಿಗೆ ಹಾಕಿದರು, ಪೇಟೆಯ ನಡುವೆ ಬಸ್ಸು ತಿರುಗುವಲ್ಲಿ ಕೊಡೆಯ ಕೆಳಗೆ ಸಿಮ್ ಮಾರುತ್ತಾನೆ. ಪಾಪ ಎನ್ನುತ್ತೀಯಾ? ಎನ್ನಬೇಡ. ಇಲ್ಲಿಗೆ ಸಾಕು ಎಂದು ಸರಸ ಇನ್ನೂ ಹೇಳಿಲ್ಲ, ನಾನೂ ಹೇಳಿಲ್ಲ. ಪ್ರತಿ ತಿಂಗಳು ಗುಡ್ಡನ ದುಡ್ಡು ಬಂದ ದಿನ ಅವಳು ಒಣ ತೊರಕೆ ಮೀನಿನ ಒಂದು ಪೊಟ್ಟಣ ಕಟ್ಟಿ ಅವನಿಗೆ ಕಳಿಸುತ್ತಾಳೆ. ಅದರ ವಾಸನೆಗೆ ಹಾಲಾಡಿಯಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ, ಯಾರು ಕಳಿಸಿದ್ದು, ಯಾಕೆ ಕಳಿಸಿದ್ದು ಎಂದು.

ನೀನು ನಾಳೆ ಆ ಕಡೆ ಹೋಗುವವಳಲ್ಲವೇ? ಪೊಟ್ಟಣ ಹಿಂದಿನ ಜಗಲಿಯಲ್ಲಿದೆ, ಎರಡು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೋ, ಇಲ್ಲದಿದ್ದರೆ ಬಸ್ಸಿನವರು ತಲ್ಲೂರಿನಲ್ಲೇ ಇಳಿಸಿಯಾರು. ಅವನ ಕೊಡೆಯ ಹತ್ತಿರ ನಾಲ್ಕು ಜನ ಇರುವಾಗ ಕೊಡು. ಸರಸಕ್ಕ ಕಳಿಸಿದ್ದು ಎಂದು ಸ್ವಲ್ಪ ಗಟ್ಟಿಯಾಗಿ ಹೇಳು. ಇದರ ದುಡ್ಡು ಎಷ್ಟೆಂದು ಅವನು ಫೋನು ತೆಗೆದರೆ ಕೈ ಅಡ್ಡ ಹಿಡಿ, ಬೋಣಿ ಆಯ್ಲಿಲ್ಲ ಎನ್ನು. ಬರುವಾಗ ನನ್ನ ಮಂಡಿಗೆ ಹಚ್ಚುವ ಎಣ್ಣೆ ತರಲು ಮರೆಯಬೇಡ.